ಆನ್‌ಲೈನ್ ಕೆಲಸ ಬರುವುದಿಲ್ಲ, ಕೆಲಸ ಬಿಟ್ಟುಬಿಡಲೇ?

ಪ್ರಶ್ನೆ: ನಾನು ಮಲೆನಾಡಿನ ಹಳ್ಳಿಯೊಂದರಲ್ಲಿ ಶಿಕ್ಷಕಿ. ವಯಸ್ಸು 52. ನೆಟ್‌ವರ್ಕ್ ಸಿಗಬೇಕೆಂದರೆ ಗುಡ್ಡ ಹತ್ತಬೇಕು. ಮಕ್ಕಳ ಮಾಹಿತಿ ತುಂಬುವ ಸ್ಯಾಟ್ಸ್ ಎಂಟ್ರಿ, ಆನ್‌ಲೈನ್ ತರಬೇತಿ, ಎಲ್ಲಕ್ಕೂ ಅತಿಥಿ ಶಿಕ್ಷಕಿಯನ್ನೇ ಕಾಯುತ್ತೇನೆ. ನನ್ನ ಪಾಸ್‌ವರ್ಡ್ ಕೂಡ ಅವಳ ಬಳಿಯೇ ಇದೆ. ನಾಳೆ ಮೀಟಿಂಗ್ ಎಂದರೆ ರಾತ್ರಿ ನಿದ್ದೆ ಬರುವುದಿಲ್ಲ. ಸ್ವಯಂ ನಿವೃತ್ತಿ ತೆಗೆದುಕೊಳ್ಳಲೇ?

ಉತ್ತರ: ಮೇಡಂ, ಇಷ್ಟು ವರ್ಷ ನಾಲ್ಕು ಮಕ್ಕಳಿಗೆ ಅಕ್ಷರ ಕಲಿಸಿದವರಿಗೆ ‘ಇಷ್ಟೂ ಬರಲ್ವಾ?’ ಎಂಬ ಮಾತು ಮೀಟಿಂಗಿನಲ್ಲಿ ಎಲ್ಲರೆದುರು ಚುಚ್ಚದೆ ಇರುತ್ತದೆಯೇ? ಆ ನಾಚಿಕೆ, ಆ ಅಂಜಿಕೆ ಎರಡೂ ಸಹಜ. ನಿಮ್ಮಂಥವರು ಎಷ್ಟೋ ಶಾಲೆಗಳಲ್ಲಿದ್ದಾರೆ. ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೆ.

ಆದರೆ ಟವರ್ ಇಲ್ಲದ್ದನ್ನೂ ನಿಮ್ಮ ದಡ್ಡತನದ ಲೆಕ್ಕಕ್ಕೇ ಬರೆದುಕೊಂಡಿದ್ದೀರಿ. ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ಎಳೆಯುವ ಯೋಜನೆಗೆ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟದ್ದು 2011ರಲ್ಲಿ. ಅದು ನಿಮ್ಮ ಶಾಲೆಯ ಬಾಗಿಲಿಗೆ ಇನ್ನೂ ಬಂದಿಲ್ಲವೆಂದರೆ ತಪ್ಪು ಯಾರದು? ಅಭ್ಯಾಸಕ್ಕೇ ಅವಕಾಶವಿಲ್ಲದೆ ಕೈ ಪಳಗುವುದಿಲ್ಲ. ಇನ್ನೊಂದು ಮಾತು, ಇಲಾಖೆಯವರು ಕೋಪಿಸಿಕೊಳ್ಳದಿರಲಿ: ಕಾಲಂ ತುಂಬುವುದು ಗುಮಾಸ್ತಿಕೆ. ಒಂದು ವಿಡಿಯೊ ನೋಡಿ, ಇದು ನನ್ನ ಐದನೇ ತರಗತಿ ಮಕ್ಕಳಿಗೆ ಅರ್ಥವಾಗುತ್ತದೋ ಇಲ್ಲವೋ ಎಂದು ಹೇಳಬಲ್ಲವರು ಶಿಕ್ಷಕರು. ಅಲ್ಲಿ ನೀವು ಯಾರಿಗೂ ಕಡಿಮೆಯಿಲ್ಲ.

ಹಾಗಾಗಿ ಎಂಟ್ರಿಯಿಂದಲ್ಲ, ಪಾಠದಿಂದ ಶುರು ಮಾಡಿ. ದೀಕ್ಷಾ ಆ್ಯಪ್ 2017ರಿಂದ ಇದೆ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಆ ಪಾಠದ ಸಾಮಗ್ರಿ ತೆರೆದುಕೊಳ್ಳುತ್ತದೆ. ತಾಲ್ಲೂಕು ಕೇಂದ್ರಕ್ಕೆ ಹೋದ ದಿನ ಡೌನ್‌ಲೋಡ್ ಮಾಡಿಟ್ಟುಕೊಂಡರೆ, ನೆಟ್‌ವರ್ಕ್ ಇಲ್ಲದ ತರಗತಿಯಲ್ಲೂ ತೋರಿಸಬಹುದು. ವಾರಕ್ಕೊಂದು ಪಾಠ ಸಾಕು.

ಅತಿಥಿ ಶಿಕ್ಷಕಿಯ ನೆರವು ಬಿಡಬೇಡಿ, ರೀತಿ ಬದಲಿಸಿ. ಅವಳು ಪಕ್ಕದಲ್ಲಿ ಕೂತು ಹೇಳಲಿ, ಬೆರಳು ನಿಮ್ಮದೇ ಓಡಾಡಲಿ. ತಡವಾದರೆ ಆಗಲಿ. ಗಲಾಟೆ ಮಾಡುವ ತರಗತಿಯನ್ನು ಹಿಡಿದು ಕೂರಿಸುವ ಬಗೆಯನ್ನು ನೀವು ಅವಳಿಗೆ ಹೇಳಿಕೊಡಿ, ಋಣದ ಭಾರ ಇಳಿಯುತ್ತದೆ. ಪಾಸ್‌ವರ್ಡ್ ಮಾತ್ರ ಇವತ್ತೇ ಬದಲಿಸಿ, ಇದರಲ್ಲಿ ರಿಯಾಯಿತಿ ಇಲ್ಲ. ನಾಳೆ ಏನಾದರೂ ಎಡವಟ್ಟಾದರೆ ಉತ್ತರ ಕೊಡಬೇಕಾದವರು ನೀವು. ಅನುಮಾನ ಬೀಳುವುದು ಆ ಹುಡುಗಿಯ ಮೇಲೆ.

ನೆಟ್‌ವರ್ಕ್ ತೊಂದರೆಯನ್ನು ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಸದಸ್ಯರ ಸಹಿಯೊಂದಿಗೆ, ಮುಖ್ಯ ಶಿಕ್ಷಕರ ಮೂಲಕ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೂ ಪಂಚಾಯಿತಿಗೂ ಬರೆದು ಕೊಡಿ. ಬಾಯಿಮಾತಿನ ದೂರು ಕಡತ ಸೇರುವುದಿಲ್ಲ. ಭಾಷಣದ ತರಬೇತಿಯಲ್ಲ, ಕೈಯಲ್ಲಿ ಮಾಡಿ ಕಲಿಯುವ ತರಬೇತಿ ಬೇಕು ಎಂದು ನಿಮ್ಮ ಕ್ಲಸ್ಟರ್‌ನ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ಅವರನ್ನು ಕೇಳಿ. ಇನ್ನೂ ನಾಲ್ಕು ಜನ ದನಿಗೂಡಿಸುತ್ತಾರೆ, ನೋಡಿ.

ನಿವೃತ್ತಿಯ ತೀರ್ಮಾನ ಈ ಅಂಜಿಕೆಯಲ್ಲಿ ಬೇಡ. ಶೈಕ್ಷಣಿಕ ವರ್ಷ ಮುಗಿಯಲಿ, ಆಮೇಲೆ ಮನೆಯವರ ಜೊತೆ ಕೂತು ಯೋಚಿಸಿ. ಎರಡು ವಾರ ಕಳೆದರೂ ನಿದ್ದೆ ಸರಿಹೋಗದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕರೆ ಉಚಿತ, ಕನ್ನಡದಲ್ಲೇ ಮಾತನಾಡಬಹುದು, ಇಂಟರ್ನೆಟ್ ಬೇಕಿಲ್ಲ.