ಹಳೆಯ ಮೊಬೈಲ್ ಮಾರುವ ಮುನ್ನ

ಮಕ್ಕಳೇ, "ಹಳೇ ಮೊಬೈಲ್, ಕೆಟ್ಟ ಮೊಬೈಲ್ ಕೊಡಿ, ಪ್ಲಾಸ್ಟಿಕ್ ಡಬ್ಬ ತಗೊಳ್ಳಿ" ಎಂದು ಕೂಗುತ್ತಾ ಬರುವ ವ್ಯಾಪಾರಿಯನ್ನು ನಿಮ್ಮ ಬೀದಿಯಲ್ಲಿ ನೋಡಿರಬಹುದು. ಮೂಲೆಯಲ್ಲಿ ಸುಮ್ಮನೆ ಬಿದ್ದಿದ್ದ ಫೋನು ಹೋಗಿ ಡಬ್ಬ ಬಂದರೆ ಲಾಭವೇ ಅಲ್ಲವೇ ಎಂದು ಅನ್ನಿಸುತ್ತದೆ. ಆದರೆ ಕೆಟ್ಟುಹೋದ ವಸ್ತುವನ್ನು ಹುಡುಕಿಕೊಂಡು ಅವರು ಊರೂರು ಸುತ್ತುವುದೇಕೆ? ಅದರೊಳಗೆ ಅಂಥದ್ದು ಏನಿದೆ? ಬನ್ನಿ, ತಿಳಿಯೋಣ.

ಫೋನಿನೊಳಗೊಂದು ಗಣಿ

ಮೊಬೈಲಿನ ಒಳಗೆ ಸಣ್ಣ ಸಣ್ಣ ಬಿಡಿಭಾಗಗಳನ್ನು ಬೆಸೆದಿರುವ ಒಂದು ತೆಳು ಹಲಗೆ ಇರುತ್ತದೆ. ಇದೇ ಸರ್ಕ್ಯೂಟ್ ಬೋರ್ಡ್. ಇದರಲ್ಲಿ ವಿದ್ಯುತ್ ಹರಿಯಲು ತಾಮ್ರದ ಗೆರೆಗಳಿರುತ್ತವೆ. ತಾಮ್ರ ಒಳ್ಳೆಯ ವಿದ್ಯುದ್ವಾಹಕ. ಆದರೆ ತಾಮ್ರದ ಚೊಂಬನ್ನು ಹುಣಸೆಹಣ್ಣು ಹಾಕಿ ಉಜ್ಜದೆ ಬಿಟ್ಟರೆ ಏನಾಗುತ್ತದೆ? ಕಪ್ಪಾಗುತ್ತದೆ. ಆ ಕಪ್ಪು ಪದರ ವಿದ್ಯುತ್ತಿಗೆ ಅಡ್ಡಿ. ಚಿನ್ನ ಹಾಗಲ್ಲ, ಗಾಳಿ ತಗುಲಿದರೂ ತೇವ ತಗುಲಿದರೂ ಬದಲಾಗುವುದಿಲ್ಲ. ಆದ್ದರಿಂದ ಒಂದು ಭಾಗ ಇನ್ನೊಂದನ್ನು ಮುಟ್ಟುವ ಜಾಗಗಳಲ್ಲಿ ಚಿನ್ನದ ತೆಳು ಲೇಪನ ಕೊಡುತ್ತಾರೆ.

ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣಾ ಸಂಸ್ಥೆ 2006ರಲ್ಲಿ ಒಂದು ಲೆಕ್ಕ ಕೊಟ್ಟಿತು. ಅದರಂತೆ ಬ್ಯಾಟರಿ ಬಿಟ್ಟು ಸುಮಾರು 113 ಗ್ರಾಂ ತೂಗುವ ಒಂದು ಫೋನಿನಲ್ಲಿ ಸುಮಾರು 16 ಗ್ರಾಂ ತಾಮ್ರ, 0.35 ಗ್ರಾಂ ಬೆಳ್ಳಿ ಮತ್ತು 0.034 ಗ್ರಾಂ ಚಿನ್ನ ಇರುತ್ತಿತ್ತು. ಎಲ್ಲ ಫೋನುಗಳಲ್ಲೂ ಈ ಪ್ರಮಾಣ ಒಂದೇ ಆಗಿರುವುದಿಲ್ಲ.

ಈಗ ಲೆಕ್ಕ ಮಾಡೋಣ. ಅಂಥ ಒಂದು ಟನ್ ಫೋನುಗಳು ಎಂದರೆ ಸುಮಾರು 8,850 ಫೋನು. ಅವುಗಳಲ್ಲಿರುವ ಚಿನ್ನ ಸುಮಾರು 300 ಗ್ರಾಂ. ನಮ್ಮ ರಾಯಚೂರು ಜಿಲ್ಲೆಯ ಹಟ್ಟಿ ಚಿನ್ನದ ಗಣಿಯಲ್ಲಿ ಒಂದು ಟನ್ ಅದಿರಿನಿಂದ ಸಿಗುವುದು ಕೆಲವೇ ಗ್ರಾಂ!

2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನೀರಜ್ ಚೋಪ್ರಾ ಜಾವೆಲಿನ್ ಎಸೆದು ಚಿನ್ನದ ಪದಕ ಗೆದ್ದರು. ಆ ಕ್ರೀಡಾಕೂಟದ ಪದಕಗಳನ್ನು ಮಾಡಿದ್ದು ಜಪಾನಿನ ಜನ ಕೊಟ್ಟ ಹಳೆಯ ಉಪಕರಣಗಳ ಲೋಹದಿಂದ. 2017ರಿಂದ 2019ರವರೆಗೆ ಸುಮಾರು 62 ಲಕ್ಷ ಮೊಬೈಲುಗಳು ಮತ್ತು ಇತರ ಸಣ್ಣ ಉಪಕರಣಗಳನ್ನು ಸಂಗ್ರಹಿಸಿ, ಸುಮಾರು 32 ಕಿಲೋ ಚಿನ್ನ ಮತ್ತು 3,500 ಕಿಲೋ ಬೆಳ್ಳಿ ತೆಗೆದರು.

ಬೆಲೆ ಯಾವುದಕ್ಕೆ?

ಹಾಗಾದರೆ ಫೋನಿಗೆ ಬೆಲೆ ಬರುವುದು ಚಿನ್ನದಿಂದಲೇ? ಅಲ್ಲ. ಒಂದು ಫೋನಿನಲ್ಲಿರುವ ಚಿನ್ನ ತೀರಾ ಸ್ವಲ್ಪ. ಅದನ್ನು ಬೇರ್ಪಡಿಸಲು ಖರ್ಚೂ ಇದೆ. ಕೆಲಸ ಮಾಡುವ ಫೋನಿಗೆ ಹೆಚ್ಚು ಬೆಲೆ, ಏಕೆಂದರೆ ಅದನ್ನು ಇನ್ನೊಬ್ಬರು ಬಳಸಬಹುದು. ಕೆಟ್ಟ ಫೋನಿನ ಪರದೆ, ಕ್ಯಾಮೆರಾ, ಸ್ಪೀಕರ್ ಚೆನ್ನಾಗಿದ್ದರೆ ಆ ಬಿಡಿಭಾಗಗಳಿಗೆ ಬೆಲೆ. ಯಾವುದೂ ಇಲ್ಲದಿದ್ದರೆ ಲೋಹದ ಬೆಲೆ ಮಾತ್ರ. ಕೆಲವೊಮ್ಮೆ ಬ್ಯಾಟರಿ ಮಾತ್ರ ಹಳತಾಗಿ ಫೋನು ಸತ್ತಂತೆ ಕಾಣುತ್ತದೆ. ಆದ್ದರಿಂದ ಮೊದಲು ರಿಪೇರಿ ಅಂಗಡಿಯಲ್ಲಿ ತೋರಿಸಿ, ಎರಡು ಮೂರು ಕಡೆ ಬೆಲೆ ವಿಚಾರಿಸಿ ಮಾರುವಂತೆ ಮನೆಯವರಿಗೆ ಹೇಳಿ.

ಚಿನ್ನದ ಜೊತೆ ವಿಷವೂ ಇದೆ

ಹಳೆಯ ಫೋನುಗಳ ಬೆಸುಗೆಯಲ್ಲಿ ಸೀಸ ಇರುತ್ತದೆ. ಸೀಸ ದೇಹ ಸೇರಿದರೆ ಮಕ್ಕಳ ಮಿದುಳಿನ ಬೆಳವಣಿಗೆಗೆ ತೊಂದರೆ. ಕೆಲವು ಕಡೆ ಚಿನ್ನ, ತಾಮ್ರದ ಆಸೆಗೆ ಬೋರ್ಡುಗಳನ್ನು ಬಯಲಿನಲ್ಲಿ ಸುಡುತ್ತಾರೆ, ಇಲ್ಲವೇ ಆಮ್ಲದಲ್ಲಿ ಅದ್ದುತ್ತಾರೆ. ಪ್ಲಾಸ್ಟಿಕ್ ಸುಟ್ಟಾಗ ಡಯಾಕ್ಸಿನ್ ಎಂಬ ವಿಷ ಹೊಗೆಯಲ್ಲಿ ಸೇರುತ್ತದೆ. ಉಳಿದ ಆಮ್ಲ ಮಣ್ಣಿಗೂ ನೀರಿಗೂ ಹೋಗುತ್ತದೆ. ಅಲ್ಲಿ ದುಡಿಯುವವರಿಗೆ ಮೊದಲು ಕಾಯಿಲೆ, ಆಮೇಲೆ ಊರಿಗೆ.

ಇದನ್ನು ತಡೆಯಲು ಕಾನೂನಿದೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಂತೆ, ಮಾರಿದ ಉಪಕರಣಗಳ ಮರುಬಳಕೆಯ ಹೊಣೆ ತಯಾರಿಸಿದ ಕಂಪನಿಗಳ ಮೇಲಿದೆ. ನೋಂದಾಯಿತ ಘಟಕಗಳಲ್ಲಿ ಹೊಗೆ, ಆಮ್ಲ ಹೊರಹೋಗದಂತೆ ಲೋಹ ಬೇರ್ಪಡಿಸಬೇಕು. ಕಂಪನಿಯ ಸರ್ವೀಸ್ ಸೆಂಟರಿನಲ್ಲಿ ವಿಚಾರಿಸಿದರೆ ಹಳೆಯ ಫೋನನ್ನು ಎಲ್ಲಿ ಕೊಡಬೇಕೆಂದು ತಿಳಿಯುತ್ತದೆ.

ಕೊಡುವ ಮೊದಲು ಇಷ್ಟು ಮಾಡಿ

1. ಬೇಕಾದ ಫೋಟೊ, ಫೋನ್ ನಂಬರುಗಳನ್ನು ಬೇರೆ ಕಡೆ ಉಳಿಸಿಕೊಳ್ಳಿ. ಸಿಮ್ ಮತ್ತು ಮೆಮೊರಿ ಕಾರ್ಡ್ ತೆಗೆಯಿರಿ. ಬ್ಯಾಂಕಿನ ಸಂದೇಶಗಳು ಬರುವುದು ಆ ಸಿಮ್ಮಿಗೇ ಎಂಬುದು ನೆನಪಿರಲಿ.

2. ಫೋಟೊಗಳನ್ನು ಒಂದೊಂದಾಗಿ ಅಳಿಸಿದರೆ ಸಾಲದು. ಅದು ಪುಸ್ತಕದ ಪರಿವಿಡಿಯನ್ನು ಮಾತ್ರ ಹರಿದಂತೆ, ಒಳಗಿನ ಪುಟಗಳು ಹಾಗೆಯೇ ಇರಬಹುದು. ಎಲ್ಲ ಖಾತೆಗಳಿಂದ ಹೊರಬಂದು 'ಫ್ಯಾಕ್ಟರಿ ರೀಸೆಟ್' ಮಾಡಬೇಕು. ಇತ್ತೀಚಿನ ಸ್ಮಾರ್ಟ್‌ಫೋನುಗಳು ಮಾಹಿತಿಯನ್ನು ಗುಪ್ತಲಿಪಿಯಲ್ಲಿ ಇಡುತ್ತವೆ. ರೀಸೆಟ್ ಮಾಡಿದಾಗ ಅದನ್ನು ಓದುವ ಕೀಲಿಯೇ ಅಳಿಸಿಹೋಗುತ್ತದೆ.

3. *#06# ಒತ್ತಿದರೆ 15 ಅಂಕಿಗಳ ಐಎಂಇಐ ಸಂಖ್ಯೆ ಕಾಣುತ್ತದೆ. ಅದು ಫೋನಿನ ಗುರುತು. ಅದನ್ನು ಬರೆದಿಟ್ಟುಕೊಂಡು, ಮಾರಿದ್ದಕ್ಕೆ ರಸೀದಿ ಪಡೆಯಿರಿ. ಮುಂದೆ ಯಾರಾದರೂ ಆ ಫೋನನ್ನು ಮೋಸಕ್ಕೆ ಬಳಸಿದರೆ, ಅದು ಆಗ ನಿಮ್ಮ ಬಳಿ ಇರಲಿಲ್ಲ ಎನ್ನುವುದಕ್ಕೆ ರಸೀದಿಯೇ ಆಧಾರ. ಡಬ್ಬ ಕೊಡುವ ವ್ಯಾಪಾರಿ ರಸೀದಿ ಕೊಡುತ್ತಾರೆಯೇ?

4. ಬ್ಯಾಟರಿಯನ್ನು ಚುಚ್ಚಬೇಡಿ, ಜಜ್ಜಬೇಡಿ. ಲಿಥಿಯಂ ಬ್ಯಾಟರಿಯ ಎರಡು ಧ್ರುವಗಳನ್ನು ಬೇರೆಯಾಗಿಡುವ ತೆಳು ಹಾಳೆ ಹರಿದರೆ ಶಾರ್ಟ್ ಸರ್ಕ್ಯೂಟ್ ಆಗಿ ಬೆಂಕಿ ಹೊತ್ತಿಕೊಳ್ಳಬಹುದು. ಉಬ್ಬಿದ ಬ್ಯಾಟರಿಯನ್ನು ಚಾರ್ಜಿಗೆ ಹಾಕಲೇಬಾರದು.

ಮಾಡಿ ನೋಡಿ

● ನಿಮ್ಮ ತರಗತಿಯ ಎಲ್ಲರ ಮನೆಗಳಲ್ಲಿ ಬಳಸದೆ ಇರುವ ಫೋನುಗಳೆಷ್ಟು? ಎಣಿಸಿ ಪಟ್ಟಿ ಮಾಡಿ. ಒಂದಕ್ಕೆ 16 ಗ್ರಾಂನಂತೆ ಒಟ್ಟು ತಾಮ್ರ ಎಷ್ಟಾಗುತ್ತದೆ?

● ಇಂದಿನ ಪತ್ರಿಕೆಯಲ್ಲಿ ಒಂದು ಗ್ರಾಂ ಚಿನ್ನದ ದರ ನೋಡಿ, 0.034ರಿಂದ ಗುಣಿಸಿ. ಬಂದ ಉತ್ತರವನ್ನು ಒಂದು ಪ್ಲಾಸ್ಟಿಕ್ ಡಬ್ಬದ ಬೆಲೆಯೊಂದಿಗೆ ಹೋಲಿಸಿ. ಫೋನು ಇನ್ನೂ ಕೆಲಸ ಮಾಡುತ್ತಿದ್ದರೆ ಹೋಲಿಕೆ ಏನಾಗುತ್ತದೆ? ಚರ್ಚಿಸಿ.

ಎಚ್ಚರಿಕೆ: ಫೋನನ್ನು ನೀವೇ ಬಿಚ್ಚಬೇಡಿ. ಹಿರಿಯರನ್ನು ಕೇಳದೆ ಯಾರಿಗೂ ಕೊಡಬೇಡಿ.