ಹಳದಿ ಕೆಂಪಾದರೆ ಸೋಪು ಬದಲಿಸಿ: ಕಾರಿನ ಬಣ್ಣ ಕಾಯುವ ಸೋಪಿನ ಆಯ್ಕೆ, ಹಂತ ಹಂತವಾಗಿ

ಇಚಲಕರಂಜಿಗೆ ಹತ್ತಿರದ ಪಟ್ಟಣಕೋಡೋಲಿಯ ವಿಠ್ಠಲ ಬೀರದೇವರ ಜಾತ್ರೆಗೆ ಹೋದ ಗಾಡಿ ಹಳದಿಯಾಗದೆ ಮನೆಗೆ ಮರಳುವುದಿಲ್ಲ. ಭಂಡಾರದ ಅರಿಷಿಣ ಪುಡಿ ಬಾನೆಟ್ಟಿನ ಸಂದಿಯಲ್ಲಿ, ವೈಪರಿನ ಬುಡದಲ್ಲಿ, ಬಾಗಿಲಿನ ರಬ್ಬರಿನಲ್ಲಿ ಕೂತಿರುತ್ತದೆ. ಮರುದಿನ ಬಕೆಟ್ಟಿಗೆ ಬಟ್ಟೆ ತೊಳೆಯುವ ಪುಡಿ ಹಾಕಿ ಉಜ್ಜತೊಡಗಿದರೆ ಆ ಹಳದಿ ನೋಡನೋಡುತ್ತ ಕೆಂಪಾಗುತ್ತದೆ. ಆರತಿಯ ತಟ್ಟೆಯಲ್ಲಿ ಅರಿಷಿಣದ ನೀರಿಗೆ ಸುಣ್ಣ ಕದಡಿದಾಗ ಆಗುವುದೂ ಇದೇ. ಸುಣ್ಣವೂ ಕ್ಷಾರ, ಆ ಪುಡಿಯೂ ಕ್ಷಾರ. ಗಾಡಿಯ ಬಣ್ಣದ ಮೇಲೆ ಹಚ್ಚಿದ ವ್ಯಾಕ್ಸನ್ನು ಎಬ್ಬಿಸಿ ತೆಗೆಯುವುದು, ಬಂಪರಿನ ಕರಿ ಪ್ಲಾಸ್ಟಿಕ್ಕನ್ನು ಬಿಳಿಚಿಸುವುದು ಆ ಕ್ಷಾರವೇ.

ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಕಡೆ ಮೊದಲ ಸಲ ಕಾರು ಕೊಂಡು, ಭಾನುವಾರ ಅಂಗಳದಲ್ಲಿ ತಾವೇ ತೊಳೆಯುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಸಾಲ ಮಾಡಿ ತಂದ ಗಾಡಿಯ ಹೊಳಪು ಎರಡು ವರ್ಷದಲ್ಲಿ ಮಂಕಾಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಅದರಲ್ಲಿ ಹೆಚ್ಚಿನ ಪಾಲು ತಪ್ಪಿಸಬಹುದಾದ ಹಾನಿ.

ಮೊದಲು ಬಣ್ಣದ ಬಗ್ಗೆ ಎರಡು ಮಾತು. ತಗಡಿನ ಮೇಲೆ ತುಕ್ಕು ತಡೆಯುವ ಲೇಪ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಪಾರದರ್ಶಕವಾದ ಕ್ಲಿಯರ್ ಕೋಟ್. ಎಲ್ಲ ಪದರ ಸೇರಿದರೂ ಸುಮಾರು 100ರಿಂದ 150 ಮೈಕ್ರಾನ್. ಅದರಲ್ಲಿ ಕ್ಲಿಯರ್ ಕೋಟಿನ ಪಾಲು 40–50 ಮೈಕ್ರಾನ್. ಅಂದರೆ ತಲೆಗೂದಲಿಗಿಂತ ತೆಳು. ನಾವು ಹೊಳಪು ಅನ್ನುವುದೆಲ್ಲ ಆ ಪದರದ ನುಣುಪು.

ಹಂತ 1: ನಿಮ್ಮ ಗಾಡಿಯ ಮೇಲೆ ಬೀಳುವ ಕೊಳೆ ಯಾವುದು, ನೋಡಿ

ಸೋಪು ಆರಿಸುವ ಮುನ್ನ ಕೊಳೆಯನ್ನು ಗುರುತಿಸಬೇಕು. ನಮ್ಮ ಸೀಮೆಯ ಕೊಳೆ ಬೆಂಗಳೂರಿನದ್ದಲ್ಲ, ಕರಾವಳಿಯದ್ದೂ ಅಲ್ಲ.

ಕಬ್ಬು ನುರಿಸುವ ಹಂಗಾಮು ಶುರುವಾದರೆ ಗಡಹಿಂಗ್ಲಜ, ಕಾಗಲ, ಹುಪರಿ, ಶಿರೋಳ ಕಡೆ ಬೆಳಿಗ್ಗೆ ಎದ್ದಾಗ ಬಾನೆಟ್ಟಿನ ಮೇಲೆ ಕರಿ ಬೂದಿ. ಕಾರ್ಖಾನೆಯ ಬಾಯ್ಲರಿನಲ್ಲಿ ಕಬ್ಬಿನ ಸಿಪ್ಪೆ ಉರಿದು ಹಾರಿ ಬಂದದ್ದು. ಮುಟ್ಟಿದರೆ ಮೆತ್ತಗೆ ಪುಡಿಯಾಗುತ್ತದೆ, ಹಾಗಾಗಿ ನಿರುಪದ್ರವಿ ಅನ್ನಿಸುತ್ತದೆ. ಆದರೆ ಕಬ್ಬಿನ ಸಿಪ್ಪೆಯ ಬೂದಿಯಲ್ಲಿ ಹೆಚ್ಚಿನ ಭಾಗ ಸಿಲಿಕಾ, ಮರಳಿನ ಜಾತಿಯ ವಸ್ತು. ಒಣ ಬಟ್ಟೆಯಿಂದ ಅದನ್ನು ಝಾಡಿಸಿ ಒರೆಸುವುದು ನುಣ್ಣನೆಯ ಮರಳು ಕಾಗದದಿಂದ ಕ್ಲಿಯರ್ ಕೋಟನ್ನು ತಿಕ್ಕಿದಂತೆ. ಆಫೀಸಿಗೆ ಹೊರಡುವ ಗಡಿಬಿಡಿಯಲ್ಲಿ ದಿನಾ ಬೆಳಿಗ್ಗೆ ಒರೆಸುವವರ ಗಾಡಿಯನ್ನು ಸಂಜೆಯ ಓರೆ ಬಿಸಿಲಿಗೆ ನಿಲ್ಲಿಸಿ ನೋಡಿ; ಬಾನೆಟ್ಟಿನ ತುಂಬ ಜೇಡನ ಬಲೆಯಂಥ ಗೀರುಗಳು ಕಾಣುತ್ತವೆ.

ಇಚಲಕರಂಜಿಯಲ್ಲಿ ಮಗ್ಗಗಳ ಹತ್ತಿ ಎಳೆ, ಸೈಜಿಂಗ್ ಬಾಯ್ಲರುಗಳ ಮಸಿ. ಕೊಲ್ಹಾಪುರದ ಶಿರೋಲಿ, ಗೋಕುಲ ಶಿರಗಾಂವ ಎಂಐಡಿಸಿಗಳ ಫೌಂಡ್ರಿ ಪಕ್ಕ ಗಾಡಿ ನಿಲ್ಲಿಸುವವರಿಗೆ ಕಬ್ಬಿಣದ ಸಣ್ಣ ಕಣಗಳ ಕಾಟ. ಬಿಳಿ ಕಾರಿನ ಮೇಲೆ ಕಿತ್ತಳೆ ಚುಕ್ಕೆಯಾಗಿ ಕಾಣುವುದು ಅದೇ. ಆಜರಾ, ಚಂದಗಡ ಕಡೆಯಿಂದ ಬಂದರೆ ಕೆಂಪು ಮಣ್ಣು.

ಇವೆಲ್ಲವೂ ಹೆಚ್ಚುಪಾಲು ಗಟ್ಟಿ ಕಣಗಳು, ಜಿಡ್ಡಲ್ಲ. ಹಾಗಾಗಿ ನಮಗೆ ಬೇಕಾದ್ದು ಜಿಡ್ಡು ಕೊಲ್ಲುವ ಖಾರದ ಸೋಪಲ್ಲ. ಕಣವನ್ನು ಮೇಲೆತ್ತಿ, ತೊಳೆಯಲು ಕೈಗೆ ತೊಡುವ ಕೈಚೀಲ ಮತ್ತು ಬಣ್ಣದ ನಡುವೆ ಜಾರುವ ಪದರವಾಗಿ ನಿಂತು, ನೀರಿನೊಂದಿಗೆ ಹರಿದು ಹೋಗುವ ಸೋಪು.

ಹಂತ 2: ಬೇಡವಾದದ್ದನ್ನು ಬದಿಗಿಡಿ

ಬಟ್ಟೆ ಪುಡಿ ಮೊದಲು. ಅದರಲ್ಲಿ ವಾಷಿಂಗ್ ಸೋಡಾ ಇರುತ್ತದೆ, ನೀರಿಗೆ ಹಾಕಿದರೆ ಪಿಎಚ್ 10ರ ಆಸುಪಾಸಿಗೆ ಏರುತ್ತದೆ. ಪಿಎಚ್ 7 ಅಂದರೆ ತಟಸ್ಥ. ಒಂದೊಂದು ಅಂಕಿ ಏರಿದಂತೆ ಕ್ಷಾರದ ತೀವ್ರತೆ ಹತ್ತು ಪಟ್ಟು ಹೆಚ್ಚುತ್ತದೆ. 7ರಿಂದ 10 ಅಂದರೆ ಸಾವಿರ ಪಟ್ಟು. ಒಂದು ಸಲ ತೊಳೆದರೆ ಬಣ್ಣ ಕಿತ್ತು ಬರುವುದಿಲ್ಲ, ನಿಜ. ವಾರ ವಾರ ತೊಳೆದು, ಅದೂ ಬಿಸಿಲಿನಲ್ಲಿ ಒಣಗಲು ಬಿಟ್ಟರೆ ಹಾನಿ ಕೂಡುತ್ತ ಹೋಗುತ್ತದೆ.

ಪಾತ್ರೆ ತಿಕ್ಕುವ ಬಾರ್ ಇನ್ನೂ ಕೆಟ್ಟದ್ದು, ಅದರಲ್ಲಿ ಉಜ್ಜಲೆಂದೇ ಬೆರೆಸಿದ ಕಲ್ಲಿನ ಪುಡಿ ಇರುತ್ತದೆ. ಪಾತ್ರೆ ತೊಳೆಯುವ ದ್ರವ ಅಷ್ಟು ಕಠಿಣವಲ್ಲ, ಆದರೆ ಎಣ್ಣೆ ಜಿಡ್ಡು ಬಿಡಿಸಲು ಮಾಡಿದ್ದು, ವ್ಯಾಕ್ಸನ್ನೂ ಬಿಡಿಸುತ್ತದೆ. ನೆಲ ತೊಳೆಯುವ, ಟಾಯ್ಲೆಟ್ ತೊಳೆಯುವ ದ್ರವಗಳ ಮಾತೇ ಬೇಡ. ಹೊಳಪು ಬರಲೆಂದು ಸೀಮೆಎಣ್ಣೆ, ಡೀಸೆಲ್ ಬಟ್ಟೆಯಿಂದ ಒರೆಸುವ ರೂಢಿ ಹಳ್ಳಿಗಳಲ್ಲಿ ಇನ್ನೂ ಇದೆ. ಆ ಹೊಳಪು ಎಣ್ಣೆಯದು, ಸಂಜೆಯೊಳಗೆ ಅದರ ಮೇಲೆ ಧೂಳು ಅಂಟುತ್ತದೆ.

ಹಂತ 3: ಬಾಟಲಿಯ ಮೇಲಿನದನ್ನು ಓದಿ

ಸ್ಪೇರ್‌ಪಾರ್ಟ್ಸ್ ಅಂಗಡಿಯಲ್ಲಿ ‘ಕಾರ್ ಶಾಂಪೂ’ ಎಂದು ಕೇಳಿ. ‘ಪಿಎಚ್ ನ್ಯೂಟ್ರಲ್’ ಅಥವಾ ‘ಪಿಎಚ್ ಬ್ಯಾಲೆನ್ಸ್ಡ್’ ಎಂದಿರಬೇಕು, ಸಾಧ್ಯವಾದರೆ ಅಂಕಿಯೂ ಇರಬೇಕು, 6.5ರಿಂದ 8ರೊಳಗೆ ಇದ್ದರೆ ಒಳ್ಳೆಯದು. ‘ಡಿಗ್ರೀಸರ್’, ‘ಹೆವಿ ಡ್ಯೂಟಿ’, ‘ಟ್ರಾಫಿಕ್ ಫಿಲ್ಮ್ ರಿಮೂವರ್’ ಎಂದಿದ್ದರೆ ಅದು ಬೇರೆ ಕೆಲಸದ್ದು, ಸಾಮಾನ್ಯವಾಗಿ ಕ್ಷಾರ. ‘ವಾಶ್ ಆಂಡ್ ವ್ಯಾಕ್ಸ್’ ತೆಗೆದುಕೊಳ್ಳಬಹುದು. ಆದರೆ ಅದು ಬಿಡುವ ವ್ಯಾಕ್ಸ್ ತೀರಾ ತೆಳು, ಬೇರೆ ವ್ಯಾಕ್ಸಿನ ಬದಲಿ ಆಗುವುದಿಲ್ಲ.

ಎಷ್ಟು ನೀರಿಗೆ ಎಷ್ಟು ಮಿಲಿ ಎಂಬುದನ್ನೂ ನೋಡಿ. ಒಂದು ಬಕೆಟ್ಟಿಗೆ 25 ಮಿಲಿ ಸಾಕಾದರೆ 500 ಮಿಲಿ ಬಾಟಲಿ ಇಪ್ಪತ್ತು ಸಲಕ್ಕೆ ಬರುತ್ತದೆ. 50 ಮಿಲಿ ಬೇಕಾದರೆ ಹತ್ತೇ ಸಲ. ಅಗ್ಗ ತುಟ್ಟಿಯ ಲೆಕ್ಕ ಬಾಟಲಿಯ ಬೆಲೆಯಲ್ಲಿಲ್ಲ, ಒಂದು ತೊಳೆತದ ಖರ್ಚಿನಲ್ಲಿದೆ.

ಲೇಬಲ್ಲಿಲ್ಲದೆ ಕ್ಯಾನಿನಿಂದ ಬಿಡಿಯಾಗಿ ಅಳೆದು ಕೊಡುವ ಶಾಂಪೂ ಬಗ್ಗೆ ಎಚ್ಚರ. ಇಂಥವನ್ನು ಸಣ್ಣ ಘಟಕಗಳಲ್ಲಿ ಬಹಳಷ್ಟು ಸಲ ಆಸಿಡ್ ಸ್ಲರಿಗೆ ಕಾಸ್ಟಿಕ್ ಸೋಡಾ ಹಾಕಿ ಮಾಡುತ್ತಾರೆ. ಎರಡೂ ಸರಿಯಾಗಿ ಹೊಂದಿದರೆ ತಟಸ್ಥ. ಕಾಸ್ಟಿಕ್ ಸ್ವಲ್ಪ ಹೆಚ್ಚಾದರೆ ಕ್ಷಾರ, ಕಡಿಮೆಯಾದರೆ ಆಮ್ಲ. ಕಳೆದ ತಿಂಗಳು ಚೆನ್ನಾಗಿದ್ದದ್ದು ಈ ತಿಂಗಳೂ ಹಾಗೇ ಇರುತ್ತದೆ ಎಂಬ ಭರವಸೆ ಇಲ್ಲ.

ಹಂತ 4: ಅರಿಷಿಣದ ಪರೀಕ್ಷೆ

ಇದಕ್ಕೆ ಅಡುಗೆಮನೆಯ ಡಬ್ಬಿ ಸಾಕು. ಒಂದು ಚಮಚ ಅರಿಷಿಣವನ್ನು ನೀರಿನಲ್ಲಿ ಕಲಸಿ, ಬಿಳಿ ಹತ್ತಿ ಬಟ್ಟೆಯ ತುಂಡಿಗೆ ಹಚ್ಚಿ ನೆರಳಿನಲ್ಲಿ ಒಣಗಿಸಿ. ಮೂರು ಬಟ್ಟಲು ಇಡಿ. ಮೊದಲನೆಯದರಲ್ಲಿ ನೀವು ಗಾಡಿ ತೊಳೆಯುವ ನೀರು ಮಾತ್ರ. ಎರಡನೆಯದರಲ್ಲಿ ಅದೇ ನೀರಿಗೆ ಶಾಂಪೂ, ಲೇಬಲ್ ಹೇಳಿದಷ್ಟೇ. ಮೂರನೆಯದರಲ್ಲಿ ಚಿಟಿಕೆ ಬಟ್ಟೆ ಪುಡಿ. ಒಂದೊಂದರಿಂದ ಒಂದೊಂದು ಹನಿ ಬಟ್ಟೆಯ ಮೇಲೆ ಬೇರೆ ಬೇರೆ ಕಡೆ ಬಿಡಿ.

ಪುಡಿಯ ಹನಿ ಬಿದ್ದಲ್ಲಿ ಕೆಂಗಂದು ಬಣ್ಣ ತಕ್ಷಣ ಮೂಡುತ್ತದೆ. ಶಾಂಪೂ ಬಿದ್ದ ಜಾಗ ಬರೀ ನೀರು ಬಿದ್ದ ಜಾಗದಂತೆಯೇ ಹಳದಿಯಾಗಿ ಉಳಿದರೆ ಅದು ಕ್ಷಾರವಲ್ಲ, ತೆಗೆದುಕೊಳ್ಳಿ. ಸ್ವಲ್ಪ ಕಿತ್ತಳೆಗೆ ತಿರುಗಿದರೆ ತೆಳು ಕ್ಷಾರ. ವ್ಯಾಕ್ಸ್ ಹಚ್ಚಿದ ಗಾಡಿಗೆ ಬೇಡ. ಬರೀ ನೀರಿನ ಹನಿಯೇ ಬಣ್ಣ ತಿರುಗಿಸಿದರೆ ದೋಷ ನಿಮ್ಮ ಬೋರ್‌ವೆಲ್ಲಿನದು, ಶಾಂಪೂವಿನದಲ್ಲ. ಅದಕ್ಕೇ ಮೊದಲ ಬಟ್ಟಲು.

ಈ ಪರೀಕ್ಷೆಗೆ ಒಂದು ಮಿತಿ ಇದೆ. ಅರಿಷಿಣ ಆಮ್ಲವನ್ನು ತೋರಿಸುವುದಿಲ್ಲ, ಆಮ್ಲದಲ್ಲಿ ಹಳದಿಯಾಗಿಯೇ ಇರುತ್ತದೆ. ಪಾತ್ರೆ ತೊಳೆಯುವ ದ್ರವವೂ ಎಷ್ಟೋ ಸಲ ಇದರಲ್ಲಿ ಪಾಸಾಗುತ್ತದೆ. ಬಿಡಿ ಶಾಂಪೂ ಕೊಳ್ಳುವವರು ಪ್ರಯೋಗಾಲಯದ ಸಾಮಾನು ಮಾರುವ ಅಂಗಡಿಯಿಂದ ಪಿಎಚ್ ಪಟ್ಟಿ ತಂದಿಟ್ಟುಕೊಳ್ಳುವುದು ಒಳ್ಳೆಯದು.

ಹಂತ 5: ಜಾರಿಕೆ ನೋಡಿ, ನೊರೆಗೆ ಮರುಳಾಗಬೇಡಿ

ನೊರೆ ಹೆಚ್ಚಾದರೆ ಸೋಪು ಒಳ್ಳೆಯದು ಎಂಬ ನಂಬಿಕೆ ಬಲವಾಗಿದೆ. ಬಟ್ಟೆ ಪುಡಿಯೂ ಬೇಕಾದಷ್ಟು ನೊರೆ ಕೊಡುತ್ತದೆ. ನೋಡಬೇಕಾದ್ದು ಜಾರಿಕೆ. ಕಲಸಿದ ಶಾಂಪೂ ನೀರನ್ನು ಎರಡು ಬೆರಳ ನಡುವೆ ತಿಕ್ಕಿ; ನುಣ್ಣಗೆ ಜಾರಬೇಕು. ಆಮೇಲೆ ಬೆರಳನ್ನು ತೊಳೆಯಿರಿ, ಲೋಳೆ ಉಳಿಯಬಾರದು. ಗಾಜಿನ ತುಂಡಿಗೆ ಸ್ವಲ್ಪ ಹಚ್ಚಿ, ತೊಳೆದು, ಒಣಗಿಸಿ ಬೆಳಕಿಗೆ ಹಿಡಿದರೆ ಇನ್ನೂ ಸ್ಪಷ್ಟ. ಮಸುಕು ಕಂಡರೆ ಆ ಶಾಂಪೂ ಕರಿ ಗಾಡಿಗೆ ನಡೆಯುವುದಿಲ್ಲ.

ಹಂತ 6: ನೀರು

ಬಾಟಲಿಯಲ್ಲಿ ಅರ್ಧ ನೀರು ತುಂಬಿ, ಮೈಸೋಪಿನ ಚೂರು ಹಾಕಿ ಕುಲುಕಿ. ನೊರೆ ಬರದೆ ಬಿಳಿ ಗಸಿ ತೇಲಿದರೆ ಗಡಸು ನೀರು. ಕಾರ್ ಶಾಂಪೂ ಮೈಸೋಪಿನಂತೆ ಗಸಿಗಟ್ಟುವುದಿಲ್ಲ, ಆದರೆ ನೀರಿನ ಸುಣ್ಣ ಒಣಗಿ ಬಿಳಿ ಕಲೆಯಾಗುವುದನ್ನು ಯಾವ ಶಾಂಪೂವೂ ತಡೆಯದು. ಕೊನೆಯ ಬಕೆಟ್ ನಳದ ನೀರು ಅಥವಾ ಹಿಡಿದಿಟ್ಟ ಮಳೆ ನೀರು ಆಗಲಿ, ಮತ್ತು ಒಣಗುವ ಮೊದಲೇ ಒರೆಸಿ. ಗಾಡಿಯನ್ನು ಪಂಚಗಂಗೆಯ ಘಾಟಿಗೋ ರಂಕಾಳ ಕೆರೆಗೋ ಹಿರಣ್ಯಕೇಶಿ ಹೊಳೆಗೋ ಇಳಿಸಬೇಡಿ. ಹೊಳೆಯ ಕೆಳಗಿನ ಊರಿನವರು ಆ ನೀರನ್ನೇ ನೆಚ್ಚಿಕೊಂಡಿದ್ದಾರೆ.

ಹಂತ 7: ತೊಳೆಯುವುದು

ನೆರಳಿನಲ್ಲಿ ನಿಲ್ಲಿಸಿ, ಬಾನೆಟ್ ತಣ್ಣಗಾಗಲಿ. ಮೊದಲು ಬರೀ ನೀರು, ಮೇಲಿನಿಂದ ಕೆಳಗೆ. ಬೂದಿಯ ಕಾಲದಲ್ಲಿ ಈ ನೀರನ್ನು ಧಾರಾಳವಾಗಿ ಬಿಡಿ. ಸೋಪಿಗಿಂತ ಹೆಚ್ಚು ಕೆಲಸ ಇದರಲ್ಲೇ ಆಗುತ್ತದೆ. ಎರಡು ಬಕೆಟ್ ಇರಲಿ. ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಕೈಚೀಲ ಜಾಲಿಸಲು ಬರೀ ನೀರು. ಮೈಕ್ರೋಫೈಬರ್ ಕೈಚೀಲವನ್ನು ಒತ್ತದೆ, ನೇರ ಗೆರೆಯಲ್ಲಿ ಎಳೆಯಿರಿ. ಚಕ್ರ, ಬಾಗಿಲಿನ ಕೆಳಭಾಗ ಕೊನೆಗೆ, ಬೇರೆ ಬಟ್ಟೆಯಿಂದ. ಇಚಲಕರಂಜಿಯಲ್ಲಿ ಸುಲಭವಾಗಿ ಸಿಗುವ ನೂಲಿನ ವೇಸ್ಟ್ ಎಂಜಿನ್ನಿನ ಗ್ರೀಸಿಗೆ ಸರಿ, ಬಣ್ಣಕ್ಕೆ ಬೇಡ; ಒಮ್ಮೆ ಹಿಡಿದ ಕಣವನ್ನು ಅದು ಬಿಡುವುದಿಲ್ಲ, ಅದನ್ನೇ ಗಾಡಿಯ ತುಂಬ ಎಳೆದಾಡುತ್ತದೆ. ಒಂದು ಬದಿ ಮುಗಿದ ತಕ್ಷಣ ನೀರು ಹಾಕಿ. ಸೋಪು ಎಷ್ಟೇ ಸೌಮ್ಯವಿರಲಿ, ಬಣ್ಣದ ಮೇಲೆ ಒಣಗಬಾರದು.

ಸೋಪಿನಿಂದ ಆಗದ ಕೆಲಸಗಳು

ಭಂಡಾರ, ಮತ್ತು ಚೈತ್ರ ಹುಣ್ಣಿಮೆಗೆ ಜ್ಯೋತಿಬಾ ಬೆಟ್ಟದಿಂದ ಮೆತ್ತಿಕೊಂಡು ಬರುವ ಗುಲಾಲು: ಎರಡನ್ನೂ ಒಣಗಿದ್ದಾಗಲೇ ಪಂಕ್ಚರ್ ಅಂಗಡಿಯ ಗಾಳಿಯಿಂದ ಊದಿಸಿ. ಉಳಿದದ್ದಕ್ಕೆ ಒಮ್ಮೆಗೇ ಹೆಚ್ಚು ನೀರು. ಒದ್ದೆ ಬಟ್ಟೆಯಿಂದ ಒರೆಸಿದರೆ ಬಣ್ಣ ರಬ್ಬರಿಗೂ ಪ್ಲಾಸ್ಟಿಕ್ಕಿಗೂ ಇಳಿಯುತ್ತದೆ. ಹಕ್ಕಿಯ ಹಿಕ್ಕೆಯ ಮೇಲೆ ಒದ್ದೆ ಬಟ್ಟೆ ಹಾಸಿ, ನೆನೆದ ಮೇಲೆ ಎತ್ತಿ. ಕಾದ ಬಾನೆಟ್ಟಿನ ಮೇಲೆ ಅದು ಬಹಳ ಹೊತ್ತು ಉಳಿದರೆ ಕ್ಲಿಯರ್ ಕೋಟಿನಲ್ಲೇ ಗುರುತು ಬೀಳುತ್ತದೆ. ಫೌಂಡ್ರಿಯ ಕಿತ್ತಳೆ ಚುಕ್ಕೆಗಳನ್ನು ಶಾಂಪೂ ಹಾಕಿ ತಿಕ್ಕುತ್ತ ಕೂರಬೇಡಿ. ಅದಕ್ಕೆ ಐರನ್ ರಿಮೂವರ್ ಎಂಬ ದ್ರವವಿದೆ, ಕಬ್ಬಿಣದ ಕಣ ಸಿಕ್ಕಲ್ಲೆಲ್ಲ ನೇರಳೆಗೆ ತಿರುಗುತ್ತದೆ.

ವಾಶಿಂಗ್ ಸೆಂಟರಿಗೆ ಕೊಡುವವರು ಫೋಮ್ ಹೊಡೆಯುವ ಮೊದಲು ಕ್ಯಾನ್ ತೋರಿಸಲು ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ, ಗಾಡಿ ನಿಮ್ಮದು. ಹೆಸರಿಲ್ಲದ ಕ್ಯಾನಾಗಿದ್ದರೆ ನಿಮ್ಮ ಬಾಟಲಿಯನ್ನೇ ಕೊಟ್ಟು ಅದರಿಂದಲೇ ತೊಳೆಯಲು ಹೇಳಿ. ಅಳತೆಗೆ ಔಷಧದ ಬಾಟಲಿಯ ಮುಚ್ಚಳವೊಂದನ್ನು ಜೊತೆಗಿಡಿ. ಕಣ್ಣಂದಾಜಿನಲ್ಲಿ ಸುರಿದರೆ ಇಪ್ಪತ್ತು ಸಲಕ್ಕೆ ಬರಬೇಕಾದ ಬಾಟಲಿ ಎಂಟು ಸಲಕ್ಕೇ ಖಾಲಿಯಾಗುತ್ತದೆ.