ಹಳೆಯ ವ್ಯಾನಿನ ವಾರ್ಷಿಕ ಪರೀಕ್ಷೆ

ಶಿವಮೊಗ್ಗದಿಂದ ಸಾಗರಕ್ಕೆ ಹೋಗುವ ಹೆದ್ದಾರಿಯಲ್ಲಿ ಆಯನೂರನ್ನು ದಾಟಿದ ಮೇಲೆ ಕುಂಸಿ ಸಿಕ್ಕುತ್ತದೆ. ಅಲ್ಲಿ ನಮ್ಮ ಪರಿಚಿತರೊಬ್ಬರ ಬಳಿ 2012ರಲ್ಲಿ ನೋಂದಣಿಯಾದ ಒಂದು ಡೀಸೆಲ್ ವ್ಯಾನು ಇದೆ. ಯಾತ್ರಿಕರನ್ನು ಉಡುಪಿ, ಕೊಲ್ಲೂರು, ಧರ್ಮಸ್ಥಳಗಳಿಗೆ ಕರೆದೊಯ್ಯುವುದೇ ಅದರ ಕೆಲಸ. ಹಾಸಿಗೆಯ ಸುರುಳಿ, ಅಡಿಗೆಯ ಪಾತ್ರೆ, ಒಲೆ ಎಲ್ಲವೂ ಜೊತೆಯಲ್ಲೇ ಹೋಗುತ್ತವೆ. ರಾತ್ರಿ ಛತ್ರ ಸಿಕ್ಕದಿದ್ದರೆ ವ್ಯಾನಿನಲ್ಲೇ ನಿದ್ದೆ. ಒಂದು ಸಂಸಾರದ ಅನ್ನ ಈ ಗಾಡಿಯಿಂದ ನಡೆಯುತ್ತಿದೆ.

1988ರ ಮೋಟಾರು ವಾಹನಗಳ ಕಾಯಿದೆಯಂತೆ ಬಾಡಿಗೆಗೆ ಓಡುವ ವಾಹನಕ್ಕೆ ಅರ್ಹತಾಪತ್ರ ಇರಲೇಬೇಕು. ಎಂಟು ವರ್ಷ ದಾಟಿದ ವಾಹನಕ್ಕೆ ಇದನ್ನು ವರ್ಷಕ್ಕೊಮ್ಮೆ ನವೀಕರಿಸಬೇಕು. ಜನ ಇದನ್ನು ‘ಎಫ್.ಸಿ. ಮಾಡಿಸುವುದು’ ಎನ್ನುತ್ತಾರೆ. ನಮ್ಮ ಪರಿಚಿತರ ವ್ಯಾನು ಹೋದ ಸಲ ಈ ಪರೀಕ್ಷೆಯಲ್ಲಿ ನಪಾಸಾಯಿತು. ಬ್ರೇಕು ಒತ್ತಿದರೆ ಗಾಡಿ ಬಲಕ್ಕೆ ಎಳೆಯುತ್ತದೆ, ಹೊಗೆ ಹೆಚ್ಚಾಗಿದೆ ಎಂದು ಹಿಂದಕ್ಕೆ ಕಳುಹಿಸಿದರು. “ಮೇಷ್ಟ್ರೇ, ಓಡುವ ಗಾಡಿಗೆ ಏನು ಕೊರತೆ ಹೇಳಿ?” ಎಂದು ಅವರು ನಮ್ಮನ್ನು ಕೇಳಿದರು. ಓಡುವುದರಲ್ಲಿ ಕೊರತೆಯಿರಲಿಲ್ಲ; ನಿಲ್ಲುವುದರಲ್ಲಿತ್ತು.

ಒಂದು ಭಾನುವಾರ ಊರ ಹೊರಗಿನ ಬಯಲಿನಲ್ಲಿ ನಾವು ಸಣ್ಣದೊಂದು ಪ್ರಯೋಗ ಮಾಡಿದೆವು. 25 ಮೀಟರು ಅಂತರದಲ್ಲಿ ಎರಡು ಕೋಲು ನೆಟ್ಟೆವು. ಈ ದೂರವನ್ನು ವ್ಯಾನು 3 ಸೆಕೆಂಡಿನಲ್ಲಿ ದಾಟಿದರೆ ಅದರ ವೇಗ ಗಂಟೆಗೆ 30 ಕಿಲೋಮೀಟರು, ಎಂದರೆ ಸೆಕೆಂಡಿಗೆ 8.33 ಮೀಟರು. ಎರಡನೆಯ ಕೋಲಿನ ಬಳಿ ಸುಣ್ಣದ ಗೆರೆ ಎಳೆದು, ಅಲ್ಲಿ ಬ್ರೇಕು ಒತ್ತಲು ಹೇಳಿದೆವು. ಗಾಡಿ 12 ಮೀಟರು ಮುಂದೆ ಹೋಗಿ ನಿಂತಿತು, ಅದೂ ಬಲಕ್ಕೆ ಓರೆಯಾಗಿ. ವೇಗದ ವರ್ಗವನ್ನು ದೂರದ ಎರಡರಷ್ಟರಿಂದ ಭಾಗಿಸಿದರೆ ವೇಗ ಕುಗ್ಗುವ ದರ ದೊರೆಯುತ್ತದೆ: 69.4ನ್ನು 24ರಿಂದ ಭಾಗಿಸಿದಾಗ ಸುಮಾರು 2.9. ಗುರುತ್ವದ 9.8ರ ಮುಂದೆ ಇದು ಮೂರನೆಯ ಒಂದು ಭಾಗವೂ ಇಲ್ಲ. ಚಾಲಕರಿಗೆ ಗೆರೆ ಮೊದಲೇ ಕಾಣುತ್ತಿತ್ತೆಂಬುದನ್ನೂ ಮರೆಯಬಾರದು. ರಸ್ತೆಯಲ್ಲಿ ದನವೊಂದು ತಟ್ಟನೆ ಅಡ್ಡ ಬಂದರೆ, ಕಾಲು ಬ್ರೇಕಿಗೆ ಹೋಗಲು ಹಿಡಿಯುವ ಒಂದು ಸೆಕೆಂಡಿನಲ್ಲಿ ಇನ್ನೂ 8 ಮೀಟರು ಕಳೆದಿರುತ್ತದೆ.

ಇನ್ನು ಬಲಕ್ಕೆ ಎಳೆಯುವುದೇಕೆ? ಬ್ರೇಕಿನ ಒತ್ತಡ ದ್ರವದ ಮೂಲಕ ಹರಿಯುತ್ತದೆ. ಆವೃತವಾದ ದ್ರವದಲ್ಲಿ ಒತ್ತಡವು ಎಲ್ಲ ಕಡೆಗೂ ಸಮನಾಗಿ ಹರಡುತ್ತದೆಂಬ ಪಾಸ್ಕಲನ ನಿಯಮವನ್ನು ವಿದ್ಯಾರ್ಥಿಗಳು ಓದಿಯೇ ಇರುತ್ತಾರೆ. ಹಾಗಿದ್ದರೆ ಮುಂದಿನ ಎರಡು ಚಕ್ರಗಳಿಗೂ ಒಂದೇ ಒತ್ತಡ ಸಿಕ್ಕಬೇಕಲ್ಲವೆ? ಸಿಕ್ಕುತ್ತದೆ. ವ್ಯತ್ಯಾಸವಿದ್ದುದು ಒತ್ತಡದಲ್ಲಲ್ಲ, ಘರ್ಷಣೆಯಲ್ಲಿ. ಎಡಚಕ್ರದ ಡ್ರಮ್ಮು ಬಿಚ್ಚಿದಾಗ ವೀಲ್ ಸಿಲಿಂಡರಿನ ರಬ್ಬರು ಸವೆದು ಬ್ರೇಕ್ ಆಯಿಲು ಜಿನುಗಿತ್ತು, ಲೈನರು ತೊಯ್ದುಹೋಗಿತ್ತು. ತೊಯ್ದ ಲೈನರು ಡ್ರಮ್ಮನ್ನು ಹಿಡಿಯದೆ ಜಾರುತ್ತದೆ. ಬಲಚಕ್ರ ಮಾತ್ರ ಗಟ್ಟಿಯಾಗಿ ತಡೆಯುವುದರಿಂದ ಗಾಡಿ ಅದರ ಸುತ್ತ ತಿರುಗಲೆಳಸುತ್ತದೆ. ಎಡಬದಿಯಲ್ಲಿ ಚಲಿಸುವ ನಮ್ಮ ದೇಶದಲ್ಲಿ ಬಲಕ್ಕೆ ಎಳೆಯುವುದೆಂದರೆ ಎದುರಿನ ಲಾರಿಯ ಕಡೆಗೆ ಎಳೆಯುವುದೇ ಸರಿ.

ಆ ಆಯಿಲಿನ ವಿಷಯವೂ ಕುತೂಹಲಕರವಾಗಿದೆ. ಅದು ನಿಜವಾಗಿ ಎಣ್ಣೆಯಲ್ಲ. ಗ್ಲೈಕಾಲ್ ಜಾತಿಯ ದ್ರವ. ಗಾಳಿಯ ತೇವವನ್ನು ಹೀರುವುದು ಅದರ ಸ್ವಭಾವ, ಮಲೆನಾಡಿನಲ್ಲಿ ತೇವಕ್ಕೆ ಬರಗಾಲವೇ? ‘ಡಾಟ್ 3’ ಎಂಬ ದರ್ಜೆಯ ಹೊಸ ದ್ರವ ಕುದಿಯಬೇಕಾದರೆ ಕನಿಷ್ಠ 205 ಡಿಗ್ರಿ ಸೆಂಟಿಗ್ರೇಡು ಬೇಕು. ನೂರಕ್ಕೆ ನಾಲ್ಕು ಪಾಲಿಗಿಂತಲೂ ಕಡಿಮೆ ನೀರು ಸೇರಿದರೆ ಸಾಕು, ಈ ಮಿತಿ 140 ಡಿಗ್ರಿಗೆ ಇಳಿಯುತ್ತದೆ.

ಇದರಿಂದೇನು ಎನ್ನುವವರು ಆಗುಂಬೆ ಘಾಟಿಯನ್ನು ನೆನೆಯಬೇಕು. ತುಂಬಿದ ವ್ಯಾನಿನ ತೂಕ 3000 ಕಿಲೋಗ್ರಾಂ, ಘಾಟಿಯ ಇಳಿತ 500 ಮೀಟರು ಎಂದು ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಇಳಿಯುವಾಗ ಬಿಡುಗಡೆಯಾಗುವ ಶಕ್ತಿ 147 ಲಕ್ಷ ಜೂಲು. ಈ ವ್ಯಾನಿನ ನಾಲ್ಕು ಚಕ್ರಗಳಿಗೂ ಬೀಡುಕಬ್ಬಿಣದ ಡ್ರಮ್ಮುಗಳು. (ಭದ್ರಾವತಿಯ ಕಾರ್ಖಾನೆ 1923ರಲ್ಲಿ ಕರಗಿಸಲಾರಂಭಿಸಿದ ಕಬ್ಬಿಣವೂ ಇದೇ ಕುಲದ್ದು.) ನಾಲ್ಕೂ ಸೇರಿ 40 ಕಿಲೋಗ್ರಾಂ ಇವೆಯೆನ್ನೋಣ. ಒಂದು ಕಿಲೋಗ್ರಾಂ ಕಬ್ಬಿಣವನ್ನು ಒಂದು ಡಿಗ್ರಿ ಬಿಸಿಮಾಡಲು ಸುಮಾರು 460 ಜೂಲು ಬೇಕು. ಶಾಖವೆಲ್ಲ ಡ್ರಮ್ಮುಗಳಲ್ಲೇ ಉಳಿದರೆ ಉಷ್ಣತೆ 800 ಡಿಗ್ರಿಯಷ್ಟು ಏರಬೇಕಾಗುತ್ತದೆ! ಗಾಳಿ ಬಹುಪಾಲನ್ನು ಒಯ್ಯುವುದರಿಂದ ಅಷ್ಟು ಆಗುವುದಿಲ್ಲ. ಆದರೆ ಒಂದೇಸಮನೆ ಬ್ರೇಕು ತುಳಿದುಕೊಂಡು ಇಳಿದರೆ ಹಳೆಯ ದ್ರವ ಕುದಿಯಲು ಬೇಕಾದಷ್ಟು ಶಾಖ ಉಳಿದೇ ಉಳಿಯುತ್ತದೆ. ದ್ರವ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಆಗ ಪೆಡಲು ಒತ್ತಿದರೂ ಒತ್ತಡ ಚಕ್ರವನ್ನು ಮುಟ್ಟುವುದಿಲ್ಲ. ಕಾಲು ಸುಮ್ಮನೆ ಕೆಳಗೆ ಹೋಗುತ್ತದೆ. ಎರಡನೆಯ ಗೇರಿನಲ್ಲಿ ಇಳಿಯಬೇಕೆಂದು ಹಿರಿಯ ಚಾಲಕರು ಹೇಳುವುದು ಇದಕ್ಕೇ: ಆ ಶಕ್ತಿಯ ಪಾಲನ್ನು ಎಂಜಿನು ಹೊರುತ್ತದೆ.

ವೀಲ್ ಸಿಲಿಂಡರು, ಲೈನರು, ದ್ರವ ಮೂರನ್ನೂ ಬದಲಿಸಿ, ಕೊಳವೆಯೊಳಗಿನ ಗಾಳಿ ತೆಗೆಸಿದ ಮೇಲೆ ಅದೇ ಬಯಲಿನಲ್ಲಿ ಗಾಡಿ 7.5 ಮೀಟರಿನಲ್ಲಿ, ನೇರವಾಗಿ ನಿಂತಿತು. ದರ 4.6ಕ್ಕೆ ಏರಿತ್ತು.

ಹೊಗೆಯ ಪರೀಕ್ಷೆ ಬೆಳಕಿನ ಪಾಠ. ಮಾಪಕದ ಕೊಳವೆಯಲ್ಲಿ ಹೊಗೆ ತುಂಬಿ, ಒಂದು ತುದಿಯಿಂದ ಬೆಳಕು ಬಿಡುತ್ತಾರೆ. ಹೊಗೆ ನೂರರಲ್ಲಿ ಎಷ್ಟು ಪಾಲು ಬೆಳಕನ್ನು ತಡೆಯಿತೆಂಬುದೇ ಅಂಕ. ಈ ಕಾಲದ ಡೀಸೆಲ್ ವಾಹನಕ್ಕೆ ಮಿತಿ 65. ಕೊಳವೆಯ ಪರಿಣಾಮಕಾರಿ ಉದ್ದ 43 ಸೆಂಟಿಮೀಟರು. ಅಷ್ಟನ್ನು ದಾಟುವಾಗ ನೂರರಲ್ಲಿ 35 ಪಾಲು ಬೆಳಕು ಉಳಿದರೆ, ಇನ್ನೂ ಅಷ್ಟೇ ದೂರ ಅದೇ ಹೊಗೆಯಿದ್ದರೆ ಎಷ್ಟು ಉಳಿದೀತು? ಸೊನ್ನೆಯೆಂದು ನಮ್ಮ ತರಗತಿಯಲ್ಲಿ ಹಲವರು ಉತ್ತರಿಸುತ್ತಾರೆ. ಸರಿಯಾದ ಉತ್ತರ 12. 35ರಲ್ಲೂ ನೂರಕ್ಕೆ 35 ಪಾಲೇ ಉಳಿಯಬೇಕಷ್ಟೆ. ನಮ್ಮ ವ್ಯಾನಿನ ಅಂಕ 78 ಇತ್ತು. ಒಂದು ಕಿಲೋಗ್ರಾಂ ಡೀಸೆಲ್ ಪೂರ್ತಿ ಉರಿಯಲು ಸುಮಾರು 14.5 ಕಿಲೋಗ್ರಾಂ ಗಾಳಿ ಬೇಕು. ಕೆಮ್ಮಣ್ಣಿನ ಧೂಳಿನಿಂದ ಏರ್ ಫಿಲ್ಟರು ಕಟ್ಟಿಹೋಗಿತ್ತು. ಗಾಳಿ ಸಾಲದೆ ಉರಿಯದುಳಿದ ಇಂಗಾಲವೇ ಕಪ್ಪು ಹೊಗೆಯಾಗಿ ಹೊರಬರುತ್ತಿತ್ತು. ಫಿಲ್ಟರು ಬದಲಿಸಿ, ಇಂಧನ ಚಿಮುಕಿಸುವ ನಾಜಲುಗಳನ್ನು ಶುಚಿಮಾಡಿಸಿದ ಮೇಲೆ ಅಂಕ 48ಕ್ಕೆ ಇಳಿಯಿತು.

ಟೈರಿನ ಗೀರುಗಳ ಆಳ 1.6 ಮಿಲಿಮೀಟರಿಗೆ ಕಡಿಮೆಯಿರಬಾರದು. ಅದನ್ನು ಸ್ಕೇಲಿನಿಂದಲೇ ನೋಡಿಕೊಂಡೆವು. ದೀಪಗಳಲ್ಲಿ ದೋಷವಿರಲಿಲ್ಲ.

ಎರಡನೆಯ ಸಲ ನಾವೂ ಜೊತೆಗೆ ಹೋದೆವು. ನಿರೀಕ್ಷಕರು ಗಾಡಿಯನ್ನು ಓಡಿಸಲು ಹೇಳಿ, ತಟ್ಟನೆ ಕೈಯೆತ್ತಿದರು. ವ್ಯಾನು ನೇರವಾಗಿ ನಿಂತಿತು. ಅರ್ಹತಾಪತ್ರ ಇನ್ನೊಂದು ವರ್ಷಕ್ಕೆ ದೊರೆಯಿತು. ಅದರ ಮಾರನೆಯ ವಾರವೇ ಉಡುಪಿಗೆ ಯಾತ್ರೆ ಹೊರಟಿತು, ಆಗುಂಬೆಯ ದಾರಿಯಲ್ಲಿ.